ಮುಂಬೈನಲ್ಲಿ ‘ಹೊರಗಿನವರು’ ಯಾರು? 1887ರಿಂದ ಬದಲಾಗುತ್ತಾ ಬಂದ ಗುರಿ, ಬದಲಾಗದ ವಾದ

ಮುಂಬೈ: ಮುಂಬೈನಲ್ಲಿ ವಲಸಿಗರ ವಿಚಾರ ಬಂದರೆ ಇಂದು ಮೊದಲು ನೆನಪಾಗುವುದು ಉತ್ತರ ಪ್ರದೇಶ ಮತ್ತು ಬಿಹಾರದವರ ಹೆಸರು. ಆದರೆ 1960ರ ದಶಕದಲ್ಲಿ ಆ ಪಟ್ಟಿಯಲ್ಲಿ ಇದ್ದವರು ಕನ್ನಡಿಗರು, ತುಳುವರು, ತಮಿಳರು ಮತ್ತು ಮಲಯಾಳಿಗಳು. ಅದಕ್ಕೂ ಮೊದಲು, ಬ್ರಿಟಿಷರ ಕಾಲದಲ್ಲಿ, ನಗರದ ಕ್ಯಾಥೊಲಿಕರ ನಡುವೆಯೇ ‘ಸ್ಥಳೀಯ–ವಲಸಿಗ’ ಭೇದ ಕಾಣಿಸಿಕೊಂಡಿತ್ತು. ಪ್ರತಿ ಬಾರಿಯೂ ಗುರಿಯಾದವರು ಬೇರೆ. ಆದರೆ ‘ನಮ್ಮ ಕೆಲಸ ಅವರ ಪಾಲಾಗುತ್ತಿದೆ’ ಎಂಬ ವಾದ ಮಾತ್ರ ಒಂದೇ.

ಒಂದೇ ಚರ್ಚ್, ಎರಡು ಗುಂಪು

ಬಾಂದ್ರಾ, ಸಾಷ್ಟಿ, ವಸಾಯಿ ಭಾಗದ ಅನೇಕ ಕುಟುಂಬಗಳು ಪೋರ್ಚುಗೀಸರ ಆಳ್ವಿಕೆಯಲ್ಲಿ ಕ್ರೈಸ್ತ ಮತಕ್ಕೆ ಸೇರಿದವು. ಇವರ ಮನೆಮಾತು ಮರಾಠಿಯ ಒಂದು ಉಪಭಾಷೆ. 19ನೇ ಶತಮಾನದಲ್ಲಿ ಗೋವಾದಿಂದ ಕೊಂಕಣಿ ಮಾತನಾಡುವ ಕ್ಯಾಥೊಲಿಕರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಹುಡುಕಿ ಬಂದರು. ಇಬ್ಬರನ್ನೂ ‘ಪೋರ್ಚುಗೀಸ್ ಕ್ರೈಸ್ತರು’ ಎಂದೇ ಕರೆಯಲಾಗುತ್ತಿತ್ತು.

ಸರ್ಕಾರಿ ಕೆಲಸಗಳಲ್ಲಿ ತಮ್ಮ ಪಾಲು ಹೋಗುತ್ತದೆ ಎಂಬ ಆತಂಕದಿಂದ ಸ್ಥಳೀಯ ಕ್ಯಾಥೊಲಿಕರು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ, ‘ಈಸ್ಟ್ ಇಂಡಿಯನ್’ ಎಂಬ ಹೆಸರು ಪಡೆದು ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಷನ್ ಸ್ಥಾಪಿಸಿದರು. ಮತ ಒಂದೇ ಆಗಿದ್ದರೂ ಉದ್ಯೋಗದ ಪ್ರಶ್ನೆ ಅವರನ್ನು ಎರಡು ಗುಂಪು ಮಾಡಿತು.

ಅಮೆರಿಕದಲ್ಲಿ ಇದೇ ವಾದ ಮತದ್ವೇಷದ ರೂಪ ಪಡೆದಿತ್ತು. ಬರಗಾಲದಿಂದ ತತ್ತರಿಸಿ ಬಂದ ಐರಿಷ್ ಕ್ಯಾಥೊಲಿಕರ ವಿರುದ್ಧ 1850ರ ದಶಕದಲ್ಲಿ ‘ನೋ ನಥಿಂಗ್’ ಎಂದು ಹೆಸರಾದ ಪಕ್ಷವೇ ಬೆಳೆಯಿತು. ಅಲ್ಲಿ ಕ್ಯಾಥೊಲಿಕರೊಬ್ಬರು ಮೊದಲ ಬಾರಿ ಅಧ್ಯಕ್ಷರಾಗಿ ಆಯ್ಕೆಯಾದದ್ದು 1960ರಲ್ಲಿ, ಜಾನ್ ಎಫ್. ಕೆನಡಿ.

ದಕ್ಷಿಣ ಭಾರತೀಯರೇ ಏಕೆ?

ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಫಲವಾಗಿ 1960ರ ಮೇ 1ರಂದು ಮುಂಬೈ ರಾಜಧಾನಿಯಾಗಿ ಮಹಾರಾಷ್ಟ್ರ ರಾಜ್ಯ ಉದಯಿಸಿತು. ಆದರೆ ನಗರದಲ್ಲಿ ಮರಾಠಿ ಮಾತೃಭಾಷಿಕರು ಅರ್ಧಕ್ಕಿಂತ ಕಡಿಮೆ ಇದ್ದರು. ರಾಜ್ಯ ಸಿಕ್ಕರೂ ಕೆಲಸ ಸಿಗಲಿಲ್ಲ ಎಂಬ ಅಸಮಾಧಾನ ಮಧ್ಯಮ ವರ್ಗದ ಯುವಕರಲ್ಲಿತ್ತು.

ಅದೇ ವರ್ಷ ವ್ಯಂಗ್ಯಚಿತ್ರಕಾರ ಬಾಳ್ ಠಾಕ್ರೆ ‘ಮಾರ್ಮಿಕ್’ ವಾರಪತ್ರಿಕೆ ಆರಂಭಿಸಿದರು. ಕಂಪನಿ, ಕಚೇರಿಗಳಲ್ಲಿರುವ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರಿನ ಪಟ್ಟಿಗಳು ಅದರಲ್ಲಿ ಪ್ರಕಟವಾದವು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು.

ನಗರದ ವ್ಯಾಪಾರ, ಬಂಡವಾಳದಲ್ಲಿ ಗುಜರಾತಿಗಳು ಮತ್ತು ಮಾರ್ವಾಡಿಗಳ ಪಾಲು ದೊಡ್ಡದಿತ್ತು. ಆದರೂ ಗುರಿಯಾದದ್ದು ದಕ್ಷಿಣದವರು. ಕಾರಣ ಸರಳ: ಇಂಗ್ಲಿಷ್, ಟೈಪಿಂಗ್, ಶೀಘ್ರಲಿಪಿ ಕಲಿತು ಬಂದ ಅವರು ಮರಾಠಿ ಯುವಕರು ಬಯಸುತ್ತಿದ್ದ ಗುಮಾಸ್ತ ಹುದ್ದೆಗಳಲ್ಲೇ ಇದ್ದರು. ಬೀದಿಬೀದಿಯಲ್ಲಿ ಕಾಣುವ ಉಡುಪಿ ಹೋಟೆಲ್‌ಗಳಿಂದ ಅವರನ್ನು ಗುರುತಿಸುವುದೂ ಸುಲಭವಾಗಿತ್ತು. ಮತಗಳ ಲೆಕ್ಕದಲ್ಲಿ ಮಾತ್ರ ಅವರು ಸಣ್ಣ ಗುಂಪು.

ಇದರ ಜೊತೆಗೆ ಕಮ್ಯುನಿಸ್ಟ್ ಕಾರ್ಮಿಕ ಸಂಘಗಳ ವಿರುದ್ಧವೂ ಸೇನೆ ನಿಂತಿತು. ಆಗಿನ ಮುಖ್ಯಮಂತ್ರಿ ವಸಂತರಾವ್ ನಾಯಕ್ ಅವರ ಸರ್ಕಾರ ಸೇನೆಯ ಬಗ್ಗೆ ಮೃದುವಾಗಿದೆ ಎಂದು ಆರೋಪಿಸಿದ ವಿರೋಧಿಗಳು ಅದನ್ನು ‘ವಸಂತಸೇನೆ’ ಎಂದು ಹಂಗಿಸುತ್ತಿದ್ದರು.

1967: ಒಂದೇ ನಗರದ ಎರಡು ತೀರ್ಪು

1967ರ ಲೋಕಸಭಾ ಚುನಾವಣೆಯಲ್ಲಿ ಈಶಾನ್ಯ ಮುಂಬೈನಿಂದ ಸ್ಪರ್ಧಿಸಿದ್ದ ಕೇರಳ ಮೂಲದ ವಿ.ಕೆ. ಕೃಷ್ಣ ಮೆನನ್ ವಿರುದ್ಧ ಶಿವಸೇನೆ ಪ್ರಚಾರ ನಡೆಸಿತು. ಮೆನನ್ ಸೋತರು. ಅದೇ ಚುನಾವಣೆಯಲ್ಲಿ ದಕ್ಷಿಣ ಮುಂಬೈನಲ್ಲಿ ಕಾಂಗ್ರೆಸ್‌ನ ಪ್ರಬಲ ನಾಯಕ ಎಸ್.ಕೆ. ಪಾಟೀಲ್ ಅವರನ್ನು ಸೋಲಿಸಿದವರು ಜಾರ್ಜ್ ಫರ್ನಾಂಡಿಸ್: ಮಂಗಳೂರಿನ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿ ಬಿಟ್ಟು, ಕೆಲಸ ಹುಡುಕಿಕೊಂಡು ಮುಂಬೈಗೆ ಬಂದವರು. ಟ್ಯಾಕ್ಸಿ ಚಾಲಕರು, ಪಾಲಿಕೆ ಕಾರ್ಮಿಕರ ನಾಯಕರಾಗಿದ್ದ ಅವರ ಗೆಲುವು, ‘ಹೊರಗಿನವನು’ ಎಂಬ ಹಣೆಪಟ್ಟಿಯನ್ನು ದುಡಿಮೆಯ ಒಗ್ಗಟ್ಟು ಮೀರಬಲ್ಲದು ಎಂಬುದನ್ನು ತೋರಿಸಿತು.

1969: ಬೆಳಗಾವಿಯ ಹೆಸರಲ್ಲಿ ಮುಂಬೈ ಗಲಭೆ

ಬೆಳಗಾವಿ ನಗರ ಆಗಿನ ಮೈಸೂರು ರಾಜ್ಯದಲ್ಲೇ ಉಳಿಯಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿ ಮುಂಬೈಗೆ ಬಂದಾಗ ಗಡಿ ವಿವಾದದ ಬಗ್ಗೆ ಅವರ ಗಮನ ಸೆಳೆಯಲು ಸೇನೆಯ ಕಾರ್ಯಕರ್ತರು ಕಾರು ತಡೆಯಲು ಮುಂದಾದರು. ಬೆನ್ನಲ್ಲೇ ಭುಗಿಲೆದ್ದ ಗಲಭೆ ಹಲವು ದಿನ ನಡೆಯಿತು. 50ಕ್ಕೂ ಹೆಚ್ಚು ಜನ ಸತ್ತರು. ಕನ್ನಡಿಗರ ಹೋಟೆಲ್, ಅಂಗಡಿಗಳ ಮೇಲೆ ದಾಳಿ ನಡೆಯಿತು. ಠಾಕ್ರೆ ಬಂಧನಕ್ಕೊಳಗಾದರು.

ಗಡಿ ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಮುಂಬೈನ ಹೋಟೆಲ್ ಮಾಣಿಗೆ ಇರಲಿಲ್ಲ. ಆದರೆ ಪೆಟ್ಟು ಬಿದ್ದದ್ದು ಅವನಂಥವರಿಗೇ.

ಗುರಿ ಬದಲಾಯಿತು

1980ರ ದಶಕದಲ್ಲಿ ಶಿವಸೇನೆ ಹಿಂದುತ್ವದತ್ತ ಹೊರಳಿತು. 2006ರಲ್ಲಿ ರಾಜ್ ಠಾಕ್ರೆ ಸ್ಥಾಪಿಸಿದ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು 2008ರಲ್ಲಿ ಉತ್ತರ ಭಾರತೀಯರ ಮೇಲೆ ಹಲ್ಲೆ ನಡೆಸಿದರು. ಇತ್ತ ಕರಾವಳಿ ಮೂಲದವರು ನಗರದ ರಾಜಕಾರಣದಲ್ಲೂ ಬೆಳೆದರು. ಗೋಪಾಲ್ ಶೆಟ್ಟಿ 2014 ಮತ್ತು 2019ರಲ್ಲಿ ಉತ್ತರ ಮುಂಬೈನಿಂದ ಸಂಸದರಾದರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇಂದಿಗೂ ಕನ್ನಡದ ಕೆಲಸ ಮಾಡುತ್ತಿವೆ.

ಕಾನೂನು ಏನು ಹೇಳುತ್ತದೆ?

* ಸಂವಿಧಾನದ 19ನೇ ವಿಧಿ: ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ, ನೆಲೆಸುವ, ವೃತ್ತಿ ನಡೆಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ. ಇದಕ್ಕೆ ಸಮಂಜಸ ನಿರ್ಬಂಧ ಹೇರಬಹುದು.
* 16ನೇ ವಿಧಿ: ಸರ್ಕಾರಿ ಹುದ್ದೆಯಲ್ಲಿ ಹುಟ್ಟಿದ ಸ್ಥಳದ ಆಧಾರದ ಮೇಲೆ ತಾರತಮ್ಯ ಸಲ್ಲದು. ನಿವಾಸದ ಷರತ್ತು ವಿಧಿಸುವ ಕಾನೂನು ಮಾಡುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ.

ಕರ್ನಾಟಕಕ್ಕೂ ಈ ಪ್ರಶ್ನೆ ಹೊಸದಲ್ಲ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ನೀಡಿ, ವಿರೋಧ ಬಂದ ಬಳಿಕ ತಡೆಹಿಡಿಯಿತು. ಸ್ಥಳೀಯರಿಗೆ ಕೆಲಸ ಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಅದನ್ನು ಸರ್ಕಾರದ ಮುಂದೆ ಇಡುವುದು ಬೇರೆ, ಪಕ್ಕದ ಅಂಗಡಿಯವನ ಮೇಲೆ ತೀರಿಸಿಕೊಳ್ಳುವುದು ಬೇರೆ. ಈ ವ್ಯತ್ಯಾಸದ ಬೆಲೆ ಏನೆಂಬುದನ್ನು ಮುಂಬೈ ಕನ್ನಡಿಗರು 1969ರಲ್ಲೇ ತೆತ್ತು ತಿಳಿದಿದ್ದಾರೆ.