ಟಿವಿ ಪಂದ್ಯದಿಂದ ದಿನದ ಬೀದಿಗೆ: ಸೂಪರ್‌ಮೋಟೊ ಬಂದ ದಾರಿ

ಟಿವಿ ಕಾರ್ಯಕ್ರಮವೊಂದರ ಸಲುವಾಗಿ ಹುಟ್ಟಿದ ವಾಹನಗಳು ಹೆಚ್ಚಿಲ್ಲ. ಸೂಪರ್‌ಮೋಟೊ ಅಂಥದ್ದೊಂದು. ಮಣ್ಣಿನ ದಿಬ್ಬಗಳನ್ನು ಹಾರುವ ಎತ್ತರದ ಮೋಟೋಕ್ರಾಸ್ ಬೈಕಿಗೆ ಡಾಂಬರು ರಸ್ತೆಯ ಅಗಲ ಟೈರು, ಸಣ್ಣ ಚಕ್ರ, ದೊಡ್ಡ ಬ್ರೇಕು ತೊಡಿಸಿದರೆ ಸಿಗುವ ಮಿಶ್ರತಳಿ ಅದು. ಮೊದಲ ಸಲ ನೋಡಿದವರಿಗೆ ಕಾಲು ಉದ್ದ, ಪಾದ ಚಿಕ್ಕದು ಅನ್ನಿಸುತ್ತದೆ.

ದಿನದ ಓಡಾಟಕ್ಕೆ ಇಂಥದ್ದೊಂದನ್ನು ಕೊಳ್ಳಬಹುದೇ ಎಂದು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವಳಾದ್ದರಿಂದ ಶೋರೂಮಿಗೆ ಹೋಗುವ ಮೊದಲು ಅದರ ಹಿಂದಿನ ಕತೆಗೆ ಕೈ ಹಾಕಿದೆ. ಒಂದು ವಸ್ತು ಯಾರ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂಬುದು ಗೊತ್ತಾದರೆ, ನಮ್ಮ ಪ್ರಶ್ನೆಗೂ ಅದು ಉತ್ತರವಾದೀತೇ ಎಂದು ತೂಗಿ ನೋಡಬಹುದು.

ಮೊದಲ ಪ್ರಶ್ನೆ ಹುಟ್ಟಿದ್ದು 1979ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆಗ ಅಲ್ಲಿ ಮೋಟಾರ್‌ಸೈಕಲ್ ಪಂದ್ಯಗಳು ಮೂರು ಬೇರೆ ಬೇರೆ ಲೋಕಗಳಾಗಿದ್ದವು. ಡಾಂಬರಿನ ರೋಡ್ ರೇಸಿಂಗ್ ಒಂದು. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಹಿಂದಿನ ಚಕ್ರ ಜಾರಿಸುತ್ತ ಸುತ್ತುವ ಫ್ಲಾಟ್ ಟ್ರ್ಯಾಕ್ ಇನ್ನೊಂದು. ದಿಬ್ಬ, ಹಳ್ಳ, ಕೆಸರುಗಳ ಮೋಟೋಕ್ರಾಸ್ ಮೂರನೆಯದು. ಒಂದೊಂದಕ್ಕೂ ಅದರದೇ ಚಾಂಪಿಯನ್, ಅದರದೇ ಬೈಕು. ಹಾಗಾದರೆ ಎಲ್ಲರಿಗಿಂತ ಉತ್ತಮ ಸವಾರ ಯಾರು? ಗರಡಿ ಮನೆಯ ಪೈಲ್ವಾನನಿಗೂ ಕಬಡ್ಡಿ ಆಟಗಾರನಿಗೂ ಯಾರು ಗಟ್ಟಿ ಎಂದು ಕೇಳಿದಂಥ ಪ್ರಶ್ನೆ ಇದು. ಹರಟೆ ಕಟ್ಟೆಗೆ ಸರಿ, ತೀರ್ಮಾನಕ್ಕೆ ಕಷ್ಟ.

ಗ್ಯಾವಿನ್ ಟ್ರಿಪ್ ಎಂಬ ಬ್ರಿಟಿಷ್ ಮೂಲದ ಪಂದ್ಯ ಸಂಘಟಕ ಈ ಹರಟೆಯನ್ನೇ ಪಂದ್ಯವಾಗಿಸಿದ. ಎಬಿಸಿ ವಾಹಿನಿಯ 'ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್' ಕಾರ್ಯಕ್ರಮಕ್ಕಾಗಿ, ಸ್ಯಾನ್ ಡಿಯೇಗೊ ಬಳಿಯ ಕಾರ್ಲ್ಸ್‌ಬಾಡ್ ರೇಸ್‌ವೇಯಲ್ಲಿ 'ಸೂಪರ್‌ಬೈಕರ್ಸ್' ಎಂಬ ಸ್ಪರ್ಧೆ ಏರ್ಪಾಡಾಯಿತು. ಒಂದೇ ಸುತ್ತಿನಲ್ಲಿ ಡಾಂಬರೂ ಇತ್ತು, ಸಪಾಟಾದ ಮಣ್ಣೂ ಇತ್ತು, ಹಾರಬೇಕಾದ ದಿಬ್ಬಗಳೂ ಇದ್ದವು. ಮೂರೂ ಲೋಕದ ಸವಾರರು ಬಂದರು. ಮೊದಲ ವರ್ಷ ಗೆದ್ದವನು ಮೋಟೋಕ್ರಾಸಿನ ಕೆಂಟ್ ಹವರ್ಟನ್. ಮುಂದೆ ರೋಡ್ ರೇಸಿಂಗಿನಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಎಡ್ಡಿ ಲಾಸನ್ ಕೂಡ ನಂತರದ ವರ್ಷಗಳಲ್ಲಿ ಈ ಸ್ಪರ್ಧೆಗೆ ಇಳಿದ.

ಇಂಥ ಪಂದ್ಯಕ್ಕೆಂದೇ ತಯಾರಾದ ಬೈಕು ಆಗ ಯಾರ ಬಳಿಯೂ ಇರಲಿಲ್ಲ. ತಂಡಗಳು ತಮ್ಮ ಶೆಡ್ಡಿನಲ್ಲೇ ಕಸಿ ಕಟ್ಟಿದವು. ದಿಬ್ಬ ಹಾರಿ ಇಳಿಯಬೇಕಾದ್ದರಿಂದ ಮೋಟೋಕ್ರಾಸಿನ ಉದ್ದ ಸಸ್ಪೆನ್ಶನ್ ಉಳಿಯಿತು. ಅದು ಉದ್ದವಿದ್ದಾಗ ಸೀಟು ಎತ್ತರವಾಗುವುದು ಅನಿವಾರ್ಯ. ಡಾಂಬರಿನ ಮೇಲೆ ಹಿಡಿತ ಬೇಕಾದ್ದರಿಂದ ಗುಬ್ಬಿಗುಬ್ಬಿ ಟೈರು ಹೋಗಿ ಅಗಲದ ಟೈರು ಬಂತು. ಕಾಲಕ್ರಮದಲ್ಲಿ ಮೋಟೋಕ್ರಾಸಿನ 21 ಅಂಗುಲದ ಮುಂದಿನ ಚಕ್ರದ ಜಾಗದಲ್ಲಿ 17 ಅಂಗುಲದ್ದು ನೆಲೆಯಾಯಿತು. ದೊಡ್ಡ ಚಕ್ರ ತಿರುಗುವಾಗ ಬುಗುರಿಯಂತೆ ತನ್ನ ದಿಕ್ಕಿಗೇ ಅಂಟಿಕೊಳ್ಳುತ್ತದೆ. ಚಿಕ್ಕದು ಬೇಗ ವಾಲುತ್ತದೆ, ಬೇಗ ತಿರುಗುತ್ತದೆ. ಡಾಂಬರಿನ ವೇಗವನ್ನು ತಡೆಯಲು ಮುಂದಿನ ಬ್ರೇಕಿನ ಡಿಸ್ಕ್ ದೊಡ್ಡದಾಯಿತು. ಅಗಲದ ಹ್ಯಾಂಡಲ್ ಮೊದಲೇ ಇತ್ತು. ತಿರುವಿನಲ್ಲಿ ಬೂಟುಗಾಲು ಮುಂದೆ ಚಾಚುವ ಭಂಗಿಯೂ ಮಣ್ಣಿನಿಂದಲೇ ಬಂದದ್ದು.

ಗಮನಿಸಿ, ಪ್ರತಿಯೊಂದು ಭಾಗವೂ ಒಂದು ಪ್ರಶ್ನೆಗೆ ಉತ್ತರ. ಆದರೆ ಆ ಪಂದ್ಯ ಕೆಲವೇ ನಿಮಿಷಗಳದ್ದು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಹಿಡಿಯುತ್ತದೆ, ಸಿಗ್ನಲ್ಲಿನಲ್ಲಿ ಕಾಲೂರುವುದು ಹೇಗೆ, ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳಬಹುದೇ, ಪಂಕ್ಚರ್ ಆದರೆ ಏನು ಗತಿ ಎಂದು ಕಾರ್ಲ್ಸ್‌ಬಾಡಿನಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

1985ರ ನಂತರ ಆ ಟಿವಿ ಸ್ಪರ್ಧೆ ನಿಂತಿತು. ಅಮೆರಿಕ ಮರೆತದ್ದನ್ನು ಯುರೋಪು ಎತ್ತಿಕೊಂಡಿತು. ಫ್ರೆಂಚ್ ಭಾಷೆಯಲ್ಲಿ ಬೈಕ್ ಸವಾರನಿಗೆ 'ಮೋಟಾರ್' ಎಂಬಂತೆ ಉಚ್ಚರಿಸುವ ಒಂದು ಪದವಿದೆ. ಅದರಿಂದಲೇ ಈ ಆಟಕ್ಕೆ 'ಸೂಪರ್‌ಮೋಟಾರ್ಡ್' ಎಂಬ ಹೆಸರು ಅಂಟಿತು. ಫ್ರಾನ್ಸ್, ಇಟಲಿ, ಬೆಲ್ಜಿಯಂಗಳಲ್ಲಿ ಗೋ-ಕಾರ್ಟ್ ಟ್ರ್ಯಾಕುಗಳ ಸಣ್ಣ ಜಾಗದಲ್ಲೇ ಪಂದ್ಯಗಳು ನಡೆದವು. 2002ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೂ ಬಂತು.

ಅಷ್ಟರೊಳಗೆ ಇದು ಪಂದ್ಯದ ಅಂಗಳ ದಾಟಿ ಬೀದಿಗೆ ಇಳಿದಿತ್ತು. ಆಸ್ಟ್ರಿಯಾದ ಮಟ್ಟಿಗ್‌ಹೋಫೆನ್ ಎಂಬ ಊರಿನ ಕೆಟಿಎಂ 1991ರ ಹೊತ್ತಿಗೆ ದಿವಾಳಿಯಾಗಿ, ಹೊಸ ಒಡೆತನದಲ್ಲಿ ಮರುಹುಟ್ಟು ಪಡೆದಿತ್ತು. ಅದಕ್ಕೆ ಗೊತ್ತಿದ್ದದ್ದು ಮಣ್ಣಿನ ಬೈಕು ಮಾಡುವುದು; ಬೇಕಾಗಿದ್ದದ್ದು ರಸ್ತೆಯ ಗಿರಾಕಿ. 1994ರಲ್ಲಿ ತನ್ನ 609 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನಿಗೆ 17 ಅಂಗುಲದ ಚಕ್ರ ಕೂಡಿಸಿ, ಲೈಟು, ನಂಬರ್ ಪ್ಲೇಟು ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ಡ್ಯೂಕ್. ಇಂದು ನಮ್ಮ ಕಾಲೇಜುಗಳ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದಲ್ಲಿ ನಿಂತಿರುವ ಡ್ಯೂಕುಗಳ ಹೆಸರಿನ ಮೂಲ ಇದೇ.

ಜಪಾನಿನಲ್ಲಿ ಇದೇ ಬೈಕು ಬೇರೆ ಕಾರಣಕ್ಕೆ ಬೇರೂರಿತು. ಅಲ್ಲಿ 'ಶಾಕೆನ್' ಎಂಬ ಕಡ್ಡಾಯ ವಾಹನ ತಪಾಸಣೆಯಿದೆ, ಖರ್ಚಿನ ಬಾಬತ್ತು. ಆದರೆ 250 ಸಿಸಿ ಮೀರದ ಬೈಕುಗಳಿಗೆ ಅದು ಬೇಕಿಲ್ಲ. ಹಾಗಾಗಿ ಅಲ್ಲಿನ ಕಂಪನಿಗಳು 250 ಸಿಸಿಯ ಸಾಧು ಟ್ರೇಲ್ ಬೈಕುಗಳಿಗೇ ಚಿಕ್ಕ ಚಕ್ರ ಹಾಕಿದವು. 1998ರಲ್ಲಿ ಕವಾಸಾಕಿ ಡಿ-ಟ್ರ್ಯಾಕರ್ ಬಂತು. ಹೋಂಡಾ ತನ್ನ ಎಕ್ಸ್‌ಆರ್ 250ಕ್ಕೆ 'ಮೋಟಾರ್ಡ್' ರೂಪ ಕೊಟ್ಟಿತು. ಯಮಹಾದ ಡಬ್ಲ್ಯುಆರ್ 250 ಎಕ್ಸ್ ಆ ಸಾಲಿನ ನಾಜೂಕಿನ ಯಂತ್ರ. ಒಂದು ಬೈಕಿನ ಗಾತ್ರವನ್ನು ಎಂಜಿನಿಯರನಷ್ಟೇ ಕಾನೂನೂ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹೀಗೆ ಸೂಪರ್‌ಮೋಟೊಗೆ ಎರಡು ವಂಶಗಳಾದವು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ದಿನದ ಸವಾರಿಗೆ ಆರಿಸುವವರು ಮೊದಲು ತಿಳಿಯಬೇಕಾದದ್ದು ಈ ವಂಶಾವಳಿಯನ್ನೇ.

ಮೊದಲನೆಯದು ಪಂದ್ಯದ ಎಂಜಿನ್ನಿನಿಂದ ಬಂದದ್ದು. ಹಗುರ, ಚುರುಕು, ಮುಂಗೋಪಿ. ಅದರ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಲ್ಲ, ಓಡಿದ ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ಆಯಿಲನ್ನು ಮೇಲಿಂದ ಮೇಲೆ ಬದಲಿಸಬೇಕು, ಪಿಸ್ಟನ್ನನ್ನೂ ಕಾಲಕಾಲಕ್ಕೆ ಹೊಸದು ಹಾಕಬೇಕು. ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯುವವರಿಗೆ ಅದು ಬೈಕಲ್ಲ, ಸಾಕುಪ್ರಾಣಿ.

ಎರಡನೆಯದು ಟ್ರೇಲ್ ಬೈಕಿನಿಂದ, ಅಂದರೆ ರಸ್ತೆಗೂ ಕಾಡುದಾರಿಗೂ ಎಂದು ಮೊದಲೇ ಹದ ಮಾಡಿದ ಎಂಜಿನ್ನಿನಿಂದ ಬಂದದ್ದು. ಸುಜುಕಿ 2005ರಲ್ಲಿ ತಂದ ಡಿಆರ್-ಝಡ್ 400 ಎಸ್ಎಂ ಇದಕ್ಕೆ ಮಾದರಿ. 398 ಸಿಸಿ, ಐದೇ ಗೇರು, ಕಾರ್ಬ್ಯುರೇಟರು, ಹತ್ತು ಲೀಟರಿನ ಟ್ಯಾಂಕು. ಬೆರಗುಗೊಳಿಸುವಂಥ ಅಂಕಿ ಒಂದೂ ಇಲ್ಲ. ಆದರೂ ಅಮೆರಿಕದಲ್ಲಿ ಸುಮಾರು ಎರಡು ದಶಕ, ಹೆಚ್ಚೇನೂ ಬದಲಾಗದೆ ಮಾರಾಟವಾಯಿತು. ಅದರ ಉತ್ತರಾಧಿಕಾರಿ ಡಿಆರ್-ಝಡ್4ಎಸ್ಎಂ ಕಾಣಿಸಿಕೊಂಡದ್ದು 2024ರ ಕೊನೆಗೆ. ಊರಿನ ರಸ್ತೆಗೆ ಬೇಕಾದದ್ದು ಗರಿಷ್ಠ ವೇಗವಲ್ಲ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕೈಗೆ ಸಿಗುವ ಎಳೆತ ಎಂಬುದನ್ನು ಆ ಬೈಕು ಎರಡು ದಶಕ ಮೌನವಾಗಿ ಹೇಳಿತು.

ಈಗ ನನ್ನ ರಸ್ತೆಗೆ ಬರುತ್ತೇನೆ. ಬೆಂಗಳೂರಿನ ಜ್ಞಾನಭಾರತಿ ಕ್ಯಾಂಪಸ್ಸಿನಿಂದ ಮೈಸೂರು ರಸ್ತೆ ಹಿಡಿದು ವಿಧಾನಸೌಧದ ಕಡೆಗೆ, ರಾಜ್ಯ ಪತ್ರಾಗಾರದ ಕಡತಗಳಿಗಾಗಿ ನಾನು ಓಡಾಡುವ ದಾರಿಯಲ್ಲಿ ಡಾಂಬರಿದೆ, ಮಣ್ಣಿದೆ, ಅಗೆದು ಮುಚ್ಚಿದ ಗುಂಡಿಯಿದೆ, ಬಣ್ಣ ಬಳಿಯದ ಹಂಪ್ ಇದೆ. ಕಾರ್ಲ್ಸ್‌ಬಾಡಿನ ಟ್ರ್ಯಾಕನ್ನು ಬೇಕೆಂದೇ ಕಟ್ಟಿದ್ದರು. ಇಲ್ಲಿ ಯಾರೂ ಕಟ್ಟದೆಯೇ ಅದು ತಯಾರಾಗಿದೆ. ಈ ಮಟ್ಟಿಗೆ ಸೂಪರ್‌ಮೋಟೊ ನಮ್ಮ ಊರುಗಳ ಬೈಕೇ. ಉದ್ದ ಸಸ್ಪೆನ್ಶನ್ ಗುಂಡಿಯನ್ನು ನುಂಗುತ್ತದೆ. ಅಗಲ ಹ್ಯಾಂಡಲಿನಿಂದ ಬಸ್ಸು-ಆಟೋಗಳ ನಡುವೆ ಸಲೀಸಾಗಿ ತಿರುಗಬಹುದು. ಎತ್ತರದಲ್ಲಿ ಕೂತವರಿಗೆ ಮುಂದಿನ ಕಾರಿನ ಆಚೆಗೂ ಕಾಣುತ್ತದೆ.

ಆದರೆ ಆ ಎತ್ತರವೇ ನನ್ನ ಮುಖ್ಯ ತಕರಾರು. ಡಿಆರ್-ಝಡ್4ಎಸ್ಎಂನ ಸೀಟು ನೆಲದಿಂದ 890 ಮಿಲಿಮೀಟರ್. ಕೆಟಿಎಂ 690 ಎಸ್ಎಂಸಿ ಆರ್ ಕೂಡ ಹೆಚ್ಚುಕಡಿಮೆ ಅಷ್ಟೇ. ನಮ್ಮೂರಿನ ಹೀರೋ ಸ್ಪ್ಲೆಂಡರ್ 785. ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಕೂತಾಗ ಸಸ್ಪೆನ್ಶನ್ ಒಂದಿಷ್ಟು ತಗ್ಗುತ್ತದೆ, ನಿಜ. ಆದರೂ ಒಂದು ಕಾಲಿನ ತುದಿಬೆರಳಷ್ಟೇ ನೆಲ ಮುಟ್ಟುತ್ತದೆ. ಟ್ರ್ಯಾಕಿನಲ್ಲಿ ಯಾರೂ ನಿಲ್ಲುವುದಿಲ್ಲ; ನನ್ನ ದಾರಿಯಲ್ಲಿ ನಿಲ್ಲುವುದೇ ಹೆಚ್ಚು. ಮಳೆ ಬಿದ್ದ ಸಂಜೆ, ಇಳಿಜಾರಿನ ರಸ್ತೆಯಲ್ಲಿ, ಹಿಂದೆ ಬಿಎಂಟಿಸಿ ಬಸ್ಸು ನಿಂತಿರುವಾಗ ಕಾಲಿಟ್ಟ ಕಡೆ ಗುಂಡಿಯಿದ್ದರೆ ಬೀಳುವುದು ಬೈಕೊಂದೇ ಅಲ್ಲ. 'ಹೆಣ್ಮಕ್ಕಳಿಗೆ ಯಾಕ್ರೀ ಇಂಥ ಗಾಡಿ' ಎನ್ನುವವರು ಇದನ್ನೇ ಪುರಾವೆಯಾಗಿ ಹಿಡಿಯುತ್ತಾರೆ. ನನಗೆ ಕಾಣುವುದು ಬೇರೆ. ದಿಬ್ಬ ಹಾರಲೆಂದು ಕಟ್ಟಿದ ಬೈಕು ಯಾವ ಸವಾರರ ಕಾಲಿನ ಅಳತೆಗೆ ನಿಂತಿತೋ, ದಿಬ್ಬ ಹೋದ ಮೇಲೂ ಆ ಅಳತೆ ಉಳಿದುಕೊಂಡಿತು. ಕುಳ್ಳಗಿರುವುದು ಸವಾರರ ಕೊರತೆಯಲ್ಲ, ಎತ್ತರದ ಸೀಟು ನಿಸರ್ಗ ನಿಯಮವೂ ಅಲ್ಲ.

ಇನ್ನು ಬೆಲೆ. ಭಾರತದಲ್ಲಿ ಅಧಿಕೃತವಾಗಿ ಬಂದ ಡುಕಾಟಿ ಹೈಪರ್‌ಮೋಟಾರ್ಡ್ 698 ಮೋನೊದ ಬೆಲೆ ಹದಿನಾರು ಲಕ್ಷ ರೂಪಾಯಿ ದಾಟಿತ್ತು. ಜೆ.ಆರ್.ಎಫ್. ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಊಟ, ಬಾಡಿಗೆ ಏನೂ ಇಲ್ಲದೆ ಮೂರೂವರೆ ವರ್ಷ ಕೂಡಿಟ್ಟರೂ ಸಾಲದು. ಅಷ್ಟರಲ್ಲಿ ಪ್ರಬಂಧವೇ ಮುಗಿಯಬೇಕು.

ಹೀಗಾಗಿ ನಮ್ಮಲ್ಲಿ ಹುಡುಗರು ಹಿಡಿಯುವ ದಾರಿ ಕಾರ್ಲ್ಸ್‌ಬಾಡಿನದೇ: ಕಸಿ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ಕ್ಕೆ ಮುಂದೆ 21, ಹಿಂದೆ 18 ಅಂಗುಲದ ಚಕ್ರವಿದೆ. ಅವನ್ನು ತೆಗೆದು 17ರದ್ದು ಹಾಕಿಸುತ್ತಾರೆ. ಜೆ.ಸಿ. ರಸ್ತೆಯ ಬಳಿಯ ಮೆಕ್ಯಾನಿಕ್ ಒಬ್ಬರನ್ನು ಇದರ ಬಗ್ಗೆ ಕೇಳಿದೆ. 'ಹಾಕ್ಬೋದು ಮೇಡಂ, ಒಂದ್ ದಿನದ್ ಕೆಲ್ಸ. ಆದ್ರೆ ರಿಮ್ ಚೇಂಜ್ ಮಾಡ್ದಂಗೆ ಆರ್‌ಸಿ ಚೇಂಜ್ ಮಾಡಕ್ಕಾಗಲ್ವಲ್ಲ' ಎಂದರು. ಅವರು ಹೇಳಿದ್ದರಲ್ಲಿ ತೂಕವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ನಾಳೆ ಅಪಘಾತವಾದರೆ ವಿಮೆಯವರ ಮೊದಲ ಪ್ರಶ್ನೆ ಚಕ್ರದ ಬಗ್ಗೆಯೇ ಬರಬಹುದು. ಜಪಾನಿನ ಕಾನೂನು ಒಂದು ಬಗೆಯ ಸೂಪರ್‌ಮೋಟೊವನ್ನು ಸಾಕಿತು. ನಮ್ಮ ಕಾನೂನು ಅದನ್ನು ಶೆಡ್ಡಿನಲ್ಲೇ ತಡೆಯುತ್ತದೆ.

ಇಷ್ಟೆಲ್ಲ ತಿರುವಿ ಹಾಕಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ನಾಲ್ಕು ಪ್ರಶ್ನೆ. ಎಂಜಿನ್ ಪಂದ್ಯದ ವಂಶದ್ದೋ, ಟ್ರೇಲ್ ವಂಶದ್ದೋ? ಎರಡೂ ಕಾಲಲ್ಲದಿದ್ದರೆ ಒಂದು ಪಾದವಾದರೂ ಪೂರ್ತಿ ನೆಲಕ್ಕೆ ಊರುತ್ತದೆಯೇ? ದಿನದ ದೂರಕ್ಕೆ ಟ್ಯಾಂಕು ಸಾಲುತ್ತದೆಯೇ? ಸ್ಪೋಕಿನ ಚಕ್ರವಾಗಿ ಒಳಗೆ ಟ್ಯೂಬಿದ್ದರೆ, ರಾತ್ರಿ ಒಂಬತ್ತಕ್ಕೆ ಪಂಕ್ಚರ್ ಆದಾಗ ಚಕ್ರ ಬಿಚ್ಚುವವರು ದಾರಿಯಲ್ಲಿ ಸಿಗುತ್ತಾರೆಯೇ? ನಾಲ್ಕಕ್ಕೂ ಸಮಾಧಾನದ ಉತ್ತರ ಸಿಕ್ಕವರು ಕಣ್ಣು ಮುಚ್ಚಿ ಸೂಪರ್‌ಮೋಟೊ ಕೊಳ್ಳಬಹುದು. ಊರೊಳಗಿನ ಸವಾರಿಯ ಖುಷಿಗೆ ಅದಕ್ಕೆ ಸಾಟಿ ಕಡಿಮೆ.

ನನ್ನ ಉತ್ತರಗಳು ನನ್ನನ್ನು ಬೇರೆ ಕಡೆ ಕರೆದೊಯ್ದವು. ಬಜಾಜ್ ಕಂಪನಿ ಕೆಟಿಎಂನಲ್ಲಿ 2007ರಲ್ಲಿ ಪಾಲು ಕೊಂಡಿತು. ಪುಣೆಯ ಬಳಿಯ ಚಾಕಣದಲ್ಲಿ ತಯಾರಾದ 200 ಡ್ಯೂಕ್ 2012ರಲ್ಲಿ ನಮ್ಮ ರಸ್ತೆಗೆ ಬಂತು. ಅದು ಸೂಪರ್‌ಮೋಟೊ ಅಲ್ಲ. ಕಾಲು ಮೀಟರ್ ಮೀರಿ ಕುಗ್ಗಿ ಚಾಚುವ ಸಸ್ಪೆನ್ಶನ್ ಅದಕ್ಕಿಲ್ಲ, ಗುಂಡಿಗಳನ್ನು ನಾನೇ ತಪ್ಪಿಸಬೇಕು. ಆದರೆ ಒಂಟಿ ಸಿಲಿಂಡರು, ನೆಟ್ಟಗೆ ಕೂರುವ ಭಂಗಿ, 17 ಅಂಗುಲದ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು ಇವೆ. ಕಾಲೂರುವಷ್ಟು ತಗ್ಗಿನಲ್ಲಿ ಸೀಟೂ ಇದೆ. 1994ರ ಡ್ಯೂಕ್ ಮಣ್ಣಿನಿಂದ ತಂದದ್ದರಲ್ಲಿ ಊರಿನ ರಸ್ತೆಗೆ ಬೇಕಾದಷ್ಟು ಅದರಲ್ಲಿ ಉಳಿದಿದೆ, ಬೇಡವಾದದ್ದು ಉದುರಿದೆ. ಸೆಕೆಂಡ್ ಹ್ಯಾಂಡಿನಲ್ಲಿ ಒಂದನ್ನು ಗೊತ್ತು ಮಾಡಿದ್ದೇನೆ. ಕಾಗದ ಪತ್ರ ನೋಡುವುದು ಬಾಕಿ. ಅದು ನನಗೆ ಹೇಗೂ ಅಭ್ಯಾಸವಾದ ಕೆಲಸ.

ಕಾರ್ಲ್ಸ್‌ಬಾಡ್ ರೇಸ್‌ವೇ 2004ರಲ್ಲಿ ಮುಚ್ಚಿತು. ಸವಾರರು ಹಾರುತ್ತಿದ್ದ ಜಾಗದಲ್ಲಿ ಈಗ ಕಚೇರಿ ಕಟ್ಟಡಗಳಿವೆ. ಯಾರು ಉತ್ತಮ ಸವಾರ ಎಂಬ ಪ್ರಶ್ನೆಗೆ ಆ ಪಂದ್ಯ ಶಾಶ್ವತವಾದ ಉತ್ತರವನ್ನೇನೂ ಕೊಡಲಿಲ್ಲ. ಆದರೆ ಆ ಪ್ರಶ್ನೆಗಾಗಿ ಕಟ್ಟಿದ ಬೈಕು ಊರೂರು ಅಲೆದು, ಒಂದೊಂದು ಕಡೆ ಒಂದೊಂದು ಕಾನೂನಿಗೂ ಜೇಬಿಗೂ ಕಾಲಿಗೂ ತಕ್ಕಂತೆ ಬದಲಾಯಿತು. ನಮ್ಮ ರಸ್ತೆ, ನಮ್ಮ ಎತ್ತರ, ನಮ್ಮ ಸಂಪಾದನೆಗೆ ತಕ್ಕ ಒಂದನ್ನು ಯಾರಾದರೂ ಇನ್ನೂ ಮಾಡಬೇಕಿದೆ.