ಮಾಫಿಯೋ ಕ್ಷಮಾದಾನವೋ: ಶರೀಫರ ರಾಜೀನಾಮೆಯಲ್ಲಿ ಒಂದು ಪದದ ತಕರಾರು

ಮಧ್ಯಪ್ರಾಂತ ಮತ್ತು ಬೇರಾರಿನ ನ್ಯಾಯಮಂತ್ರಿ ಮಹಮ್ಮದ್ ಯೂಸುಫ್ ಶರೀಫ್ 1938ರ ಬೇಸಿಗೆಯಲ್ಲಿ ಕುರ್ಚಿ ಬಿಟ್ಟ ಪ್ರಸಂಗದ ಬಗ್ಗೆ ನನಗಿಂತ ಹಿರಿಯರಾದ ಸಂಶೋಧಕರೊಬ್ಬರು ಬಹಳ ಹಿಂದೆಯೇ ಕನ್ನಡದಲ್ಲಿ ಬರೆದಿದ್ದಾರೆ. ಅವರಿಂದ ಕಲಿತವರಲ್ಲಿ ನಾನೂ ಒಬ್ಬ, ಆದ್ದರಿಂದ ಹೆಸರು ಬೇಡ. ಅತ್ಯಾಚಾರದ ಅಪರಾಧಿಯೊಬ್ಬನಿಗೆ ಶರೀಫ್ ‘ಕ್ಷಮಾದಾನ’ ನೀಡಿದರು, ಅದು ಅವರಿಗಿಲ್ಲದ ಅಧಿಕಾರವಾಗಿತ್ತು, ಹಾಗಾಗಿ ಮಂತ್ರಿಗಿರಿ ಹೋಯಿತು ಎಂಬುದು ಅವರ ವಾದದ ತಿರುಳು. ಆಮೇಲೆ ಬಂದವರು ಇದನ್ನೇ ನಕಲು ಮಾಡಿಕೊಂಡರು. ಕೆಲವರಂತೂ ಕಾಮಾ ಸಹ ಬದಲಿಸಲಿಲ್ಲ.

ತಪ್ಪಿರುವುದು ಒಂದೇ ಪದದಲ್ಲಿ. ಆದರೆ ಇಡೀ ವಾದ ಕುಸಿಯುವುದಕ್ಕೆ ಅದೊಂದೇ ಸಾಕು.

ಈ ಅನುಮಾನ ನನಗೆ ಗಟ್ಟಿಯಾದದ್ದು ಇತವಾರಿಯಲ್ಲಿ. ನಾಗಪುರದಲ್ಲಿ ವಾರದ ಹೆಸರು ಹೊತ್ತ ಪೇಟೆಗಳು ಹಲವು: ಮಂಗಳವಾರಿ, ಬುಧವಾರಿ, ಶುಕ್ರವಾರಿ. ಆದಿತ್ಯವಾರದ ಪಾಲಿಗೆ ಬಂದದ್ದು ಇದು. ಸರಾಫರ ಅಂಗಡಿಸಾಲು ದಾಟಿ ಗಲ್ಲಿಯೊಳಗೆ ಹೋದರೆ ಒಬ್ಬ ರದ್ದಿ ವ್ಯಾಪಾರಿ ಕೂತಿರುತ್ತಾನೆ. ಪುಸ್ತಕವಾದರೂ ಪತ್ರಿಕೆಯಾದರೂ ಅವನಿಗೆ ಒಂದೇ, ತಕ್ಕಡಿಗೆ ಹಾಕುತ್ತಾನೆ. ಅವನಲ್ಲಿ ಸಿಕ್ಕಿದ್ದು 1898ರ ದಂಡ ಪ್ರಕ್ರಿಯಾ ಸಂಹಿತೆಯ ಒಂದು ಹಳೆಯ ಪ್ರತಿ. ಹಿಂದಿನ ರಟ್ಟು ಹೋಗಿತ್ತು. 401ನೇ ಕಲಮಿನ ಪುಟದಲ್ಲಿ ‘ಸ್ಥಳೀಯ ಸರ್ಕಾರ’ ಎಂದು ಅಚ್ಚಾಗಿದ್ದ ಜಾಗದ ಮೇಲೆ ‘ಪ್ರಾಂತೀಯ ಸರ್ಕಾರ’ ಎಂಬ ಸಣ್ಣ ತಿದ್ದುಪಡಿ ಚೀಟಿ ಅಂಟಿಸಿದ್ದರು. ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಮೆಣಸಿನಕಾಯಿ, ಅರಿಸಿನದ ಲೆಕ್ಕ ಬರೆದಿದ್ದರು. (ಕೂಡಿದ ಮೊತ್ತ ತಪ್ಪಿತ್ತು.) ಆ ಪ್ರತಿ ಯಾರ ಮೇಜಿನ ಮೇಲಿತ್ತೋ, ಅದನ್ನು ಪುರಾವೆ ಎಂದು ಮುಂದಿಡಲಾರೆ. ಪುರಾವೆ ಆ ಕಲಮು.

401 ಹೇಳುವುದು ಇಷ್ಟು: ಶಿಕ್ಷೆಗೊಳಗಾದ ಯಾರದ್ದೇ ಆಗಲಿ, ಶಿಕ್ಷೆಯನ್ನು ಸರ್ಕಾರ ಯಾವಾಗ ಬೇಕಾದರೂ, ಷರತ್ತು ಹಾಕಿಯೋ ಹಾಕದೆಯೋ, ತಡೆಹಿಡಿಯಬಹುದು, ಪೂರ್ತಿಯಾಗಿ ಇಲ್ಲವೇ ಭಾಗಶಃ ಬಿಟ್ಟುಕೊಡಬಹುದು. ನಮ್ಮ ಜೈಲುಗಳಲ್ಲಿ ಕೈದಿಗಳೂ ವಾರ್ಡರುಗಳೂ ಇಂದಿಗೂ ‘ಮಾಫಿ’ ಎನ್ನುವುದು ಇದನ್ನೇ. ಅದೇ ಕಲಮಿನ ಐದನೇ ಉಪಕಲಮು ಇನ್ನೊಂದನ್ನು ಬೇರೆಯಾಗಿ ಎತ್ತಿಡುತ್ತದೆ: ಕ್ಷಮಾದಾನದ ಹಕ್ಕು ದೊರೆಯದು, ಈ ಕಲಮು ಅದನ್ನು ಮುಟ್ಟುವುದಿಲ್ಲ. 1935ರ ಭಾರತ ಸರ್ಕಾರ ಕಾಯಿದೆಯ 295ನೇ ಕಲಮಿನಲ್ಲೂ ದೊರೆಯ ಈ ಹಕ್ಕು ಹಾಗೇ ಉಳಿದಿದೆ. ಅಂದರೆ 1938ರಲ್ಲಿ ನಾಗಪುರದ ಮಂತ್ರಿಯೊಬ್ಬ ಯಾರಿಗೂ ಕ್ಷಮಾದಾನ ಕೊಡುವಂತೆಯೇ ಇರಲಿಲ್ಲ. ಮಾಫಿ ಕೊಡಬಹುದಿತ್ತು. ಅದಕ್ಕೆ ಬೇಕಾದ ಅಧಿಕಾರ ಪ್ರಾಂತೀಯ ಸರ್ಕಾರಕ್ಕಿತ್ತು, ಆದೇಶ ಹೊರಡುತ್ತಿದ್ದದ್ದು 59ನೇ ಕಲಮಿನ ಪ್ರಕಾರ ಗವರ್ನರರ ಹೆಸರಲ್ಲಿ.

ಮಾತಿನ ಮೇಲೆ ಮಾತು ಕಟ್ಟುವ ಹಟ ಇದೆಂದು ಓದುಗರಿಗೆ ಅನ್ನಿಸಬಹುದು. ಹಾಗಲ್ಲ. ಕ್ಷಮಾದಾನದಲ್ಲಿ ಅಪರಾಧದ ಕಳಂಕವೇ ತೊಳೆದುಹೋಗುತ್ತದೆ. ಮಾಫಿಯಲ್ಲಿ ತೀರ್ಪು ಇದ್ದಲ್ಲೇ ಇರುತ್ತದೆ. ಅಪರಾಧಿ ಅಪರಾಧಿಯಾಗಿಯೇ ಜೈಲಿನ ಬಾಗಿಲು ದಾಟುತ್ತಾನೆ. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ಶಿಕ್ಷೆಗೊಳಗಾಗಿ ಅವಧಿ ಮುಗಿಯುವ ಮುನ್ನವೇ ಹೊರಬಂದಾಗ ಎದ್ದ ಕೂಗನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ವ್ಯತ್ಯಾಸ ಗೊತ್ತಿರಬೇಕು. ಅವನು ನಿರ್ದೋಷಿ ಎಂದು ಸರ್ಕಾರ ಹೇಳಿರಲಿಲ್ಲ. ದೋಷಿಯೇ ಹೌದು, ಆದರೂ ಇಷ್ಟು ಸಾಕು ಎಂದಿತ್ತು. ಜನ ಕೆರಳಿದ್ದು ಆ ‘ಸಾಕು’ವಿಗೆ.

ಹಿರಿಯರು ಎಡವಿದ್ದು ಎಲ್ಲಿ ಎಂಬುದನ್ನೂ ಊಹಿಸಬಲ್ಲೆ. ಸಂವಿಧಾನದ 161ನೇ ವಿಧಿ ಕ್ಷಮೆ, ಮಾಫಿ, ತಡೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ರಾಜ್ಯಪಾಲರಿಗೆ ಕೊಟ್ಟಿದೆ. 1950ರ ನಂತರದ ಕನ್ನಡಕ ಹಾಕಿಕೊಂಡು 1938ನ್ನು ಓದಿದರೆ ಎರಡೂ ಒಂದೇ ಆಗಿ ಕಾಣುತ್ತವೆ.

‘ಕ್ಷಮಾದಾನ’ವನ್ನು ತೆಗೆದುಹಾಕಿದ ಮೇಲೆ ಮಾತ್ರ, ಈ ಪ್ರಕರಣವನ್ನು ಪರಿಶೀಲಿಸಿದ ಸರ್ ಮನ್ಮಥನಾಥ ಮುಖರ್ಜಿಯವರ ಅಭಿಪ್ರಾಯ ತಾಳೆಯಾಗುತ್ತದೆ. ಕಲ್ಕತ್ತಾ ಹೈಕೋರ್ಟಿನ ಈ ಮಾಜಿ ನ್ಯಾಯಮೂರ್ತಿಯವರು ಶರೀಫರಲ್ಲಿ ಕಂಡದ್ದು ವಿವೇಚನೆಯ ಗಂಭೀರ ತಪ್ಪನ್ನು, ಅಧಿಕಾರದ ಅತಿಕ್ರಮಣವನ್ನಲ್ಲ. ಇಲ್ಲದ ಅಧಿಕಾರ ಚಲಾಯಿಸಿದ್ದೇ ನಿಜವಾದರೆ ವಿವೇಚನೆಯ ಪ್ರಶ್ನೆಯೇ ಏಳುವುದಿಲ್ಲ, ಆದೇಶವೇ ಬಿದ್ದುಹೋಗುತ್ತದೆ. ಇದ್ದ ಅಧಿಕಾರವನ್ನು ಕೆಟ್ಟದಾಗಿ ಬಳಸಿದವನಿಗಷ್ಟೇ ಈ ಮಾತು ಅನ್ವಯಿಸುತ್ತದೆ. ಹಿರಿಯರು ಮುಖರ್ಜಿಯವರನ್ನೂ ಉಲ್ಲೇಖಿಸುತ್ತಾರೆ, ‘ಇಲ್ಲದ ಅಧಿಕಾರ’ ಎಂದೂ ಬರೆಯುತ್ತಾರೆ. ಎರಡೂ ಒಂದೇ ಪುಟದಲ್ಲಿವೆ!

401ರ ಎರಡನೇ ಉಪಕಲಮಿನ ಮೇಲೂ ಅಷ್ಟೇ ಬೆಳಕು ಬೀಳಬೇಕು. ಮಾಫಿಯ ಅರ್ಜಿ ಬಂದಾಗ, ಶಿಕ್ಷೆ ಕೊಟ್ಟ ನ್ಯಾಯಾಧೀಶರ ಅಭಿಪ್ರಾಯವನ್ನು ಸರ್ಕಾರ ಕೇಳ‘ಬಹುದು’ ಎಂದಿದೆ ಅದು. ಕೇಳಲೇಬೇಕು ಎಂದಿಲ್ಲ. ಆ ಒಂದು ‘ಬಹುದು’ವಿನ ಸಡಿಲಿನಲ್ಲಿ ಯಾವ ಮಂತ್ರಿಯಾದರೂ ಜಾರಬಹುದಿತ್ತು. ಇದು ಸತ್ತ ಇತಿಹಾಸವೂ ಅಲ್ಲ. 1973ರ ಸಂಹಿತೆಯ 432ನೇ ಕಲಮಾಗಿ ಅದೇ ‘ಬಹುದು’ ಉಳಿದುಕೊಂಡಿತು. ನ್ಯಾಯಾಧೀಶರ ಅಭಿಪ್ರಾಯ ಪಡೆಯುವ ಕ್ರಮ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು 2015ರಲ್ಲಿ, ಶ್ರೀಹರನ್ ಪ್ರಕರಣದಲ್ಲಿ. ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳು 2022ರ ಆಗಸ್ಟ್ 15ರಂದು ಹೊರಬಂದದ್ದು, 2024ರ ಜನವರಿ 8ರಂದು ಆ ಮಾಫಿ ರದ್ದಾದದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ತೀರ್ಪು ನಿಂತದ್ದು ಮಾಫಿ ಕೊಡುವ ಅಧಿಕಾರ ಯಾವ ರಾಜ್ಯದ್ದು ಎಂಬುದರ ಮೇಲೆ. ನಾಗಪುರದಲ್ಲಿ ಅಧಿಕಾರದ ಪ್ರಶ್ನೆಯೇ ಇರಲಿಲ್ಲ. ಅಲ್ಲಿನದು ಇನ್ನಷ್ಟು ಮುಜುಗರದ ಪ್ರಶ್ನೆ: ವಿವೇಚನೆಯದು.

ಇನ್ನು ರಾಜಕೀಯ. ಎನ್.ಬಿ. ಖರೆ ಅವರ ಕಾಂಗ್ರೆಸ್ ಸಂಪುಟ 1937ರ ಜುಲೈಯಲ್ಲಿ ಅಧಿಕಾರಕ್ಕೆ ಬಂತು. ಹಿಂದಿ ಸೀಮೆಯಾದ ಮಹಾಕೋಸಲದ ರವಿಶಂಕರ ಶುಕ್ಲ, ಡಿ.ಪಿ. ಮಿಶ್ರ, ಡಿ.ಕೆ. ಮೆಹ್ತಾ ಒಂದು ಕಡೆ, ಮರಾಠಿ ಸೀಮೆಯ ಖರೆ, ಗೋಳೆ, ದೇಶಮುಖ್ ಇನ್ನೊಂದು ಕಡೆ. ನಡುವೆ ಶರೀಫ್. ಶರೀಫರನ್ನು ಕೋಮು ದ್ವೇಷಕ್ಕೆ ಬಲಿಯಾದವರೆಂದು ಬಗೆಯುವವರೂ ಅವರ ರಾಜೀನಾಮೆಯನ್ನು ಗಾಂಧೀವಾದಿ ಶುದ್ಧೀಕರಣದ ಫಲವೆಂದು ಹಾಡುವವರೂ ಒಂದು ಸರಳ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಮುಖರ್ಜಿಯವರನ್ನು ನೇಮಿಸಿದ್ದು ಪ್ರಾಂತೀಯ ಸರ್ಕಾರವಲ್ಲ, ಶಾಸನಸಭೆಯೂ ಅಲ್ಲ, ಕಾಂಗ್ರೆಸ್ ಕಾರ್ಯಕಾರಿ ಸಮಿತಿ. 1936ರಿಂದ ನಾಗಪುರದಲ್ಲೇ ಹೈಕೋರ್ಟ್ ಇತ್ತು, ಗಿಲ್ಬರ್ಟ್ ಸ್ಟೋನ್ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಆದರೆ ಫೈಲು ಹೋದದ್ದು ಕಲ್ಕತ್ತೆಯವರ ಕೈಗೆ, ಅದೂ ಪಕ್ಷದ ಕಾಗದವಾಗಿ. ಕಾನೂನಿನ ಕಣ್ಣಿಗೆ ಅದು ತನಿಖೆಯೇ ಅಲ್ಲ. ಹಾಗಿದ್ದೂ ಮಂತ್ರಿ ಅದಕ್ಕೆ ತಲೆಬಾಗಿ ರಾಜೀನಾಮೆ ಕೊಟ್ಟರು. ಅದು ಸರಿಯೇ ಆಗಿತ್ತೆಂದು ನನ್ನ ಅಭಿಪ್ರಾಯ. ಆದರೆ ಮಂತ್ರಿ ಯಾರಿಗೆ ಉತ್ತರ ಕೊಡಬೇಕು ಎಂಬುದು ಅಲ್ಲೇ ತೀರ್ಮಾನವಾಗಿಹೋಯಿತು.

ಖರೆ ಈ ಸೂಚನೆಯನ್ನು ಓದಲಿಲ್ಲ, ಅಥವಾ ಓದಿಯೂ ಒಪ್ಪಲಿಲ್ಲ. 1938ರ ಜುಲೈ 20ರಂದು ರಾಜೀನಾಮೆ ಕೊಟ್ಟರು. ಮಹಾಕೋಸಲದ ಮೂವರು ಜೊತೆಗೆ ಹೊರಬರಲು ಒಪ್ಪದಿದ್ದಾಗ ಗವರ್ನರ್ ಫ್ರಾನ್ಸಿಸ್ ವೈಲಿ ಆ ಮೂವರನ್ನೂ ವಜಾ ಮಾಡಿದರು. ಖರೆ ಹೊಸ ಸಂಪುಟ ಕಟ್ಟಿದರು.  ಆ ಸಂಪುಟ ಮೂರು ದಿನವೂ ಬಾಳಲಿಲ್ಲ. ಜುಲೈ 27ರಂದು ವಾರ್ಧಾದಲ್ಲಿ ಶುಕ್ಲ ನಾಯಕರಾದರು. ತಮ್ಮನ್ನು ಕಾರ್ಯಕಾರಿ ಸಮಿತಿ ಕಾನೂನಿನ ಹೊರಗೆ ನಿಂತು ಉರುಳಿಸಿತೆಂಬುದು ಖರೆಯವರ ಕೊನೆಯವರೆಗಿನ ದೂರು. ಎರಡು ತಿಂಗಳ ಹಿಂದೆ ಶರೀಫರ ವಿಷಯದಲ್ಲಿ ಅದೇ ಸಮಿತಿ ಕೂತಿದ್ದದ್ದೂ ಅದೇ ಹೊರಗೇ.

ಹಿರಿಯರ ಲೇಖನ ಮರುಮುದ್ರಣಕ್ಕೆ ಹೋಗುತ್ತಿದೆ ಎಂದು ಕೇಳಿದ್ದೇನೆ. ‘ಕ್ಷಮಾದಾನ’ ಇರುವಲ್ಲೆಲ್ಲ ‘ಮಾಫಿ’ ಹಾಕಿದರೆ ಮುಕ್ಕಾಲು ಪಾಲು ನೆಟ್ಟಗಾಗುತ್ತದೆ. ‘ಇಲ್ಲದ ಅಧಿಕಾರ’ ಎಂಬ ವಾಕ್ಯವಿರುವ ಪ್ಯಾರಾವನ್ನು ಮಾತ್ರ ಹೊಸದಾಗಿ ಬರೆಯಬೇಕಾದೀತು.