ಮೇಜಿನ ಗಣಕದಿಂದ ಸರ್ವರ್‌ಗೆ: ಮರೆಯಲು ಕಲಿತವರ ಕಥೆ

ಬಸ್ಸಿನ ಆಸನ ಕಾಯ್ದಿರಿಸುವ ಒಂದು ತಂತ್ರಾಂಶವನ್ನು ನೀವು ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಂದೇ ಕೌಂಟರು, ಒಂದೇ ಗಣಕ. ಖಾಲಿ ಆಸನಗಳ ಪಟ್ಟಿಯನ್ನು ಗಣಕದ ಸ್ಮೃತಿಯಲ್ಲಿ ಇಟ್ಟುಕೊಂಡು, ಗುಮಾಸ್ತರು ಗುಂಡಿ ಒತ್ತಿದಾಗಲೆಲ್ಲ ಒಂದನ್ನು ಕಳೆಯುತ್ತಾ ಹೋದರೆ ಸಾಕು. ಈಗ ಇದೇ ತಂತ್ರಾಂಶವನ್ನು ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ನೂರು ಕೌಂಟರುಗಳು ಒಮ್ಮೆಗೇ ಬಳಸಬೇಕು. ಉಳಿದಿರುವುದು ಒಂದೇ ಆಸನ. ಇಬ್ಬರು ಗುಮಾಸ್ತರ ಪರದೆಯಲ್ಲೂ ಅದು ಖಾಲಿ ಎಂದೇ ಕಾಣುತ್ತದೆ, ಇಬ್ಬರೂ ಮಾರಿಬಿಡುತ್ತಾರೆ. ಒಬ್ಬರೇ ಬಳಸುವಾಗ ನಿಮ್ಮ ಕ್ರಮವಿಧಿಯಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಒಬ್ಬ ಪ್ರಯಾಣಿಕರು ನಿಂತೇ ಹೋಗಬೇಕು!

ಮೇನ್‌ಫ್ರೇಮ್ ಗಣಕಗಳ ಕಾಲದಲ್ಲೇ ಈ ತೊಡಕಿಗೆ ಪರಿಹಾರ ಸಿಕ್ಕಿತ್ತು. ಐಬಿಎಂ 1969ರಲ್ಲಿ ಹೊರತಂದ ‘ಸಿಐಸಿಎಸ್’ ತಂತ್ರಾಂಶ ಅನೇಕ ಟರ್ಮಿನಲ್‌ಗಳಿಂದ ಬರುವ ಬೇಡಿಕೆಗಳನ್ನು ಒಂದೇ ಗಣಕದಲ್ಲಿ ನಿಭಾಯಿಸುತ್ತಿತ್ತು. ಸಂಬಂಧಪಟ್ಟ ಹಲವು ಬದಲಾವಣೆಗಳು ಆದರೆ ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು. ಇಂಥ ಕಟ್ಟಿಗೆ ‘ಟ್ರಾನ್ಸಾಕ್ಷನ್’ ಎಂದು ಹೆಸರು. ಇದರ ಸಿದ್ಧಾಂತವನ್ನು ಗಟ್ಟಿಗೊಳಿಸಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಒಬ್ಬರು ಆಸನ ತುಂಬುವಾಗ ದತ್ತಸಂಚಯವು ಆ ದಾಖಲೆಗೆ ಬೀಗ ಹಾಕುತ್ತದೆ. ಎರಡನೆಯವರು ಕಾಯಬೇಕು. ಬೀಗ ತೆರೆದಾಗ ‘ಆಸನ ಇನ್ನೂ ಖಾಲಿ ಇದ್ದರೆ ಮಾತ್ರ ತುಂಬು’ ಎಂಬ ಅವರ ಆಜ್ಞೆಗೆ ಏನೂ ಸಿಗುವುದಿಲ್ಲ, ಅಷ್ಟೆ.

ಆದರೆ ಮೇಜಿನ ಗಣಕದ ಪ್ರೋಗ್ರಾಮರುಗಳು ಈ ಗರಡಿಯಲ್ಲಿ ಪಳಗಿದವರಲ್ಲ. 1991ರಲ್ಲಿ ಮೈಕ್ರೋಸಾಫ್ಟ್‌ನ ವಿಷುಯಲ್ ಬೇಸಿಕ್ ಬಂತು, 1995ರಲ್ಲಿ ಬೋರ್ಲೆಂಡ್‌ನ ಡೆಲ್ಫಿ. ಪರದೆಯ ಮೇಲೆ ಗುಂಡಿ, ಪಟ್ಟಿಗಳನ್ನು ಇಲಿಯಿಂದ ಎಳೆದಿಟ್ಟು, ಗುಂಡಿಯ ಹಿಂದೆ ನಾಲ್ಕು ಸಾಲು ಬರೆದರೆ ಕೆಲಸ ಮುಗಿಯುತ್ತಿತ್ತು. ಕಚೇರಿಯ ಹತ್ತು ಗಣಕಗಳು ಒಂದು ದತ್ತಸಂಚಯಕ್ಕೆ ನೇರವಾಗಿ ಅಂಟಿಕೊಂಡಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಸಾವಿರ ಗಣಕಗಳಾದರೆ ಸಾವಿರ ಸಂಪರ್ಕಗಳು. ದರದ ಒಂದು ನಿಯಮ ಬದಲಾದರೆ ಸಾವಿರ ಕಡೆ ಹೊಸ ತಂತ್ರಾಂಶ ಹಾಕಬೇಕು. ಹಾಗಾಗಿ ನಿಯಮಗಳನ್ನು ಮಧ್ಯದ ಒಂದು ಸರ್ವರ್‌ಗೆ ಸಾಗಿಸುವ ಮೂರು ಸ್ತರಗಳ ವಿನ್ಯಾಸ ಬಳಕೆಗೆ ಬಂತು.

ವಿಷುಯಲ್ ಬೇಸಿಕ್ ಬಲ್ಲವರಿಗೂ ಈ ಮಧ್ಯದ ಸ್ತರ ಎಟುಕಲಿ ಎಂದು ಮೈಕ್ರೋಸಾಫ್ಟ್ 1996ರ ಕೊನೆಯಲ್ಲಿ ‘ಟ್ರಾನ್ಸಾಕ್ಷನ್ ಸರ್ವರ್’ ತಂದಿತು. ಭಾಷೆ ಅದೇ, ಅಭ್ಯಾಸ ಮಾತ್ರ ತಿರುಗುಮುರುಗು! ಮೇಜಿನ ಮೇಲೆ ನೀವು ಒಂದು ಆಬ್ಜೆಕ್ಟ್ ಸೃಷ್ಟಿಸಿ, ಅದಕ್ಕೆ ಪ್ರಯಾಣಿಕರ ಹೆಸರು, ದಿನಾಂಕ, ಊರು ಎಂದು ಒಂದೊಂದಾಗಿ ತುಂಬಿ, ಕೊನೆಗೆ ‘ಉಳಿಸು’ ಎನ್ನುತ್ತೀರಿ. ಸರ್ವರ್‌ನಲ್ಲಿ ಹಾಗೆ ತುಂಬಿದರೆ ಒಂದೊಂದಕ್ಕೂ ಜಾಲದ ಮೇಲೆ ಒಂದು ಓಡಾಟ. ಅದಕ್ಕಿಂತ ದೊಡ್ಡ ಅಚ್ಚರಿ ಎಂದರೆ, ಕೆಲಸ ಮುಗಿಯಿತೆಂದು ‘ಸೆಟ್‌ಕಂಪ್ಲೀಟ್’ ಹೇಳಿದೊಡನೆ ಆ ಆಬ್ಜೆಕ್ಟ್ ತನ್ನಲ್ಲಿದ್ದ ಎಲ್ಲವನ್ನೂ ಕಳೆದುಕೊಳ್ಳುತ್ತಿತ್ತು. ಮುಂದಿನ ಸಲ ಕರೆದರೆ ನೀವು ಯಾರೋ, ಅದು ಯಾರೋ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು: ಯಾರನ್ನೂ ನೆನಪಿಟ್ಟುಕೊಳ್ಳದ ಸರ್ವರ್ ಮಾತ್ರ ಅದೇ ಸ್ಮೃತಿಯಲ್ಲಿ ಇನ್ನೂ ಹೆಚ್ಚು ಜನರಿಗೆ ಸೇವೆ ಕೊಡಬಲ್ಲದು. ಹೊಸಬರಿಗೆ ಅತಿ ಕಷ್ಟದ ಪಾಠ ಇದೇ ಎಂದು ನನ್ನ ಎಣಿಕೆ.

ಈ ವ್ಯತ್ಯಾಸವನ್ನೇ ಮುಚ್ಚಿಟ್ಟರೆ ಹೇಗೆ? ದೂರದ ಗಣಕದ ಆಬ್ಜೆಕ್ಟನ್ನು ಪಕ್ಕದಲ್ಲೇ ಇರುವಂತೆ ಕರೆಯಬಹುದು ಎಂಬ ಆಸೆಯನ್ನು ಉದ್ಯಮ ಹಲವು ವರ್ಷ ಬೆಳೆಸಿತು. ಸನ್ ಮೈಕ್ರೋಸಿಸ್ಟಮ್ಸ್‌ನ ಪ್ರಯೋಗಾಲಯದಲ್ಲಿದ್ದ ಜಿಮ್ ವಾಲ್ಡೊ ಮತ್ತು ಮೂವರು ಸಹೋದ್ಯೋಗಿಗಳು 1994ರಲ್ಲೇ ಒಂದು ಪ್ರಬಂಧದಲ್ಲಿ ಇದು ಸಲ್ಲದೆಂದು ವಾದಿಸಿದ್ದರು. ಗಣಕದ ಸ್ಮೃತಿಯನ್ನು ಒಮ್ಮೆ ಓದಲು ಸುಮಾರು 100 ನ್ಯಾನೋಸೆಕೆಂಡ್ ಹಿಡಿದರೆ, ಒಂದೇ ಕಟ್ಟಡದ ಜಾಲದಲ್ಲಿ ಹೋಗಿಬರಲು ಸುಮಾರು ಅರ್ಧ ಮಿಲಿಸೆಕೆಂಡ್, ಅಂದರೆ 5000 ಪಟ್ಟು ಬೇಕು. ವೇಗವನ್ನಾದರೂ ಸುಧಾರಿಸಬಹುದು. ಕರೆದ ನೀವು ಬದುಕಿದ್ದು, ಆಚೆಯ ಗಣಕ ನಡುವೆಯೇ ಸತ್ತರೆ? ಆಸನ ಮಾರಾಟವಾಯಿತೋ ಇಲ್ಲವೋ ತಿಳಿಯುವ ಬಗೆ ಯಾವುದು? ಒಂದೇ ಗಣಕದೊಳಗೆ ಈ ಪ್ರಶ್ನೆಯೇ ಏಳುವುದಿಲ್ಲ.

ವಿಚಿತ್ರವೆಂದರೆ ಅದೇ ಸನ್ 1998ರಲ್ಲಿ ಪ್ರಕಟಿಸಿದ ‘ಎಂಟರ್‌ಪ್ರೈಸ್ ಜಾವಾಬೀನ್ಸ್’ ವಿವರಣೆಯಲ್ಲಿ, ಪಕ್ಕದಲ್ಲಿರುವ ಬೀನನ್ನೂ ದೂರದ್ದೆಂದು ಭಾವಿಸಿಯೇ ಕರೆಯಬೇಕಿತ್ತು. ಒಂದು ಸಣ್ಣ ಬೀನ್‌ಗೆ ಮೂರು ಜಾವಾ ಕಡತ, ಅದರ ಜೊತೆಗೆ ಸಂರಚನೆಯ ಕಡತ. ಮೇಜಿನ ಗಣಕದಿಂದ ಬಂದವರು ಬೆಚ್ಚಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. 2001ರ ಎರಡನೆಯ ಆವೃತ್ತಿಯಲ್ಲಿ ‘ಸ್ಥಳೀಯ’ ಕರೆಗೆ ದಾರಿ ಬಿಟ್ಟರು. 2002ರಲ್ಲಿ ರಾಡ್ ಜಾನ್ಸನ್ ಒಂದು ಪುಸ್ತಕ ಬರೆದು, ಬಹಳಷ್ಟು ಅನ್ವಯಗಳಿಗೆ ಈ ಭಾರವೇ ಬೇಡವೆಂದು ಸಂಕೇತ ಸಹಿತ ತೋರಿಸಿದರು. ಆ ಸಂಕೇತದಿಂದಲೇ ಬೆಳೆದ ‘ಸ್ಪ್ರಿಂಗ್’ 2004ರಲ್ಲಿ ಮೊದಲ ಆವೃತ್ತಿ ಕಂಡಿತು. 2006ರ ಮೂರನೆಯ ಆವೃತ್ತಿಯಲ್ಲಿ ಜಾವಾಬೀನ್ಸ್ ಕೂಡ ಸಾಮಾನ್ಯ ಜಾವಾ ಕ್ಲಾಸಿನ ರೂಪಕ್ಕೆ ಇಳಿಯಿತು. ಟ್ರಾನ್ಸಾಕ್ಷನ್ ಮಾತ್ರ ಎಲ್ಲದರಲ್ಲೂ ಉಳಿಯಿತು ಎಂಬುದನ್ನು ಗಮನಿಸಿ.

ಇತ್ತ ವೆಬ್‌ನಲ್ಲೂ ಇದೇ ಕಥೆ. ಎಚ್‌ಟಿಟಿಪಿ ಹುಟ್ಟಿನಿಂದಲೇ ಮರೆಗುಳಿ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ‘ಕುಕಿ’ಯನ್ನು ರೂಪಿಸಿದ್ದು, ಬಂದವರು ಯಾರೆಂದು ಸರ್ವರ್ ಗುರುತಿಸಲೆಂದು. ಮೈಕ್ರೋಸಾಫ್ಟ್ 2002ರ ‘ವೆಬ್ ಫಾರ್ಮ್ಸ್’ನಲ್ಲಿ ವಿಷುಯಲ್ ಬೇಸಿಕ್‌ನ ಗುಂಡಿ ಮತ್ತು ಘಟನೆಗಳನ್ನೇ ಬ್ರೌಸರ್‌ಗೆ ತಂದಿತು. ಗುಂಡಿ ಒತ್ತಿದಾಗಲೆಲ್ಲ ಪುಟದ ಸ್ಥಿತಿಯನ್ನು ‘ವ್ಯೂಸ್ಟೇಟ್’ ಎಂಬ ಗುಪ್ತ ಗಂಟಿನಲ್ಲಿ ಕಟ್ಟಿ ಸರ್ವರ್‌ಗೂ ಬ್ರೌಸರ್‌ಗೂ ನಡುವೆ ಹೊತ್ತಾಡಿಸಿತು. ಮೇಜಿನ ಗಣಕದವರಿಗೆ ಮನೆಗೆ ಬಂದಂತಾಯಿತು. ಪುಟ ದೊಡ್ಡದಾದಂತೆ ಗಂಟೂ ಉಬ್ಬುತ್ತಿತ್ತು; ಜಾಲ ನಿಧಾನವಿದ್ದ ಕಡೆ ಬಳಕೆದಾರರು ಕಾಯುತ್ತಾ ಕೂರಬೇಕಿತ್ತು. 2009ರಲ್ಲಿ ಅದೇ ಸಂಸ್ಥೆ ತಂದ ‘ಎಂವಿಸಿ’ ಈ ಪರದೆಯನ್ನು ಸರಿಸಿ, ಬೇಡಿಕೆ ಮತ್ತು ಉತ್ತರಗಳನ್ನು ಇದ್ದಂತೆಯೇ ತೋರಿಸಿತು. 2016ರಲ್ಲಿ ಹೊಸದಾಗಿ ಕಟ್ಟಿದ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ವೆಬ್ ಫಾರ್ಮ್ಸ್‌ಗೆ ಜಾಗವೇ ಇರಲಿಲ್ಲ. ಅದನ್ನು ನಂಬಿ ಕಟ್ಟಿದ ಅನ್ವಯಗಳನ್ನು ಹೊಸ ನೆಲೆಗೆ ತರಬೇಕಾದವರು ಪುಟಗಳನ್ನು ಮೊದಲಿನಿಂದ ಬರೆಯಬೇಕಾಯಿತು.